ಮೂವರು ನೋಡಿದ ಚಿತ್ರ

ಗಂಜು, ಅಂದರೆ ವರ್ತಕರ ದೊಡ್ಡ ಪೇಟೆ, ಇದ್ದ ಊರೊಂದರಲ್ಲಿ ದ್ರಾಕ್ಷಾಯಣಿ ಎಂಬ ಹೆಣ್ಣುಮಗಳಿದ್ದಳು. ಅವಳ ಕೆಲಸ ಚಿತ್ರ ನೋಡುವುದು. ಅದೆಂಥ ಕೆಲಸ, ನಾವೂ ದಿನವಿಡೀ ಫೋನಿನಲ್ಲಿ ಅದನ್ನೇ ಮಾಡುತ್ತೇವಲ್ಲ ಎಂದು ನಗಬೇಡಿ. ನಿಮಗೆ ಯಾರೂ ಸಂಬಳ ಕೊಡುವುದಿಲ್ಲ, ಅವಳಿಗೆ ಕೊಡುತ್ತಿದ್ದರು.

ವಿಷಯ ಹೀಗಿತ್ತು. ಈಗ ಅಂಗಡಿ ಬೀದಿಗಳಲ್ಲೆಲ್ಲ ಕ್ಯಾಮೆರಾ ಇರುತ್ತದಲ್ಲ, ಅದರ ಹಿಂದೆ ಒಂದು ಕಂಪ್ಯೂಟರ್ ಕೂತಿರುತ್ತದೆ. ಬೀದಿಯಲ್ಲಿ ಓಡಾಡುವವರು ಕಳ್ಳರೋ ಸಭ್ಯರೋ ಎಂದು ಅದು ಅಳೆಯುತ್ತಲೇ ಇರುತ್ತದೆ. ಎಲ್ಲ ತನಗೇ ಗೊತ್ತು ಎಂದು ಬೀಗುವ ಆ ಯಂತ್ರಕ್ಕೆ ಎಷ್ಟೋ ಸಲ ತಲೆಬುಡ ಗೊತ್ತಾಗುವುದಿಲ್ಲ. ಆಗ ಅದು ಆ ಚಿತ್ರವನ್ನು ಎಲ್ಲೋ ಕೂತ ಮೂವರು ಮನುಷ್ಯರಿಗೆ ಕಳಿಸುತ್ತದೆ. ಅನುಮಾನ ಬಂದರೆ ಕೆಂಪು ಗುಂಡಿ, ಇಲ್ಲವಾದರೆ ಹಸಿರು. ಮೂವರಲ್ಲಿ ಇಬ್ಬರು ಕೆಂಪು ಒತ್ತಿದರೆ ಸಾಕು, ಆ ಬೀದಿಯ ಕಾವಲುಗಾರರ ಫೋನು ಕಿರುಚಿಕೊಳ್ಳುತ್ತದೆ. ಚಿತ್ರದಲ್ಲಿರುವವರ ಮುಖ ಮಾತ್ರ ಕಾಣಿಸುವುದಿಲ್ಲ. ಯಾರ ಮಾನವೂ ಹೋಗಬಾರದೆಂದು ಮುಖವನ್ನು ಮಸುಕು ಮಾಡಿಯೇ ಕಳಿಸುತ್ತಾರೆ. ಮಾನದ ಬಗ್ಗೆ ಅವರಿಗಿದ್ದ ಕಾಳಜಿ ನೋಡಿ!

ಹಳೇ ಹತ್ತಿ ಗೋದಾಮಿನ ಮೇಲಿನ ಅಂತಸ್ತಿನಲ್ಲಿ ಸಾಲಾಗಿ ಕೂತು ಹೆಂಗಸರು ಈ ಕೆಲಸ ಮಾಡುತ್ತಿದ್ದರು. ಫೋನುಗಳನ್ನು ಬಾಗಿಲಲ್ಲೇ ಕೊಟ್ಟು ಒಳಗೆ ಹೋಗಬೇಕು. ಚಿತ್ರದ ಬಗ್ಗೆ ಪಕ್ಕದವರ ಹತ್ತಿರ ತುಟಿ ಬಿಚ್ಚುವಂತಿಲ್ಲ. ಅದರ ಮೇಲೊಂದು ಅಂಕದ ಕಾಟ. ನೀವು ಒತ್ತಿದ್ದೂ ಉಳಿದಿಬ್ಬರು ಒತ್ತಿದ್ದೂ ಒಂದೇ ಆದರೆ ನಿಮ್ಮ ಅಂಕ ಏರುತ್ತದೆ, ಬೇರೆಯಾದರೆ ಇಳಿಯುತ್ತದೆ. ತೀರಾ ಇಳಿದರೆ ಮನೆಗೆ ನಡೆಯಿರಿ ಅಷ್ಟೇ. ಚಿತ್ರದಲ್ಲಿದ್ದವನು ನಿಜಕ್ಕೂ ಕಳ್ಳನೋ ಅಲ್ಲವೋ ಎಂಬುದಕ್ಕೆ ಅಂಕವಿರಲಿಲ್ಲ.

ದ್ರಾಕ್ಷಾಯಣಿ ಮೊದಮೊದಲು ಕಣ್ಣಿಟ್ಟು ನೋಡಿಯೇ ಒತ್ತುತ್ತಿದ್ದಳು. ಅಂಕ ಸರಸರ ಇಳಿಯಿತು. ಹುಡುಗಿ ಚುರುಕು, ಗುಟ್ಟು ಬೇಗ ಹೊಳೆಯಿತು. ಅಲ್ಲಿಂದ ಅವಳ ಅಂಕ ಏರಿದ್ದು ಏರಿದ್ದೇ. ಗೋಡೆಯ ಮೇಲೆ ಅವಳ ಫೋಟೋ ಬಂತು. ಹೊಸಬರಿಗೆ ಕಲಿಸುವ ಕೆಲಸವೂ ಅವಳ ಪಾಲಿಗೇ ಬಂತು.

"ಚಿತ್ರ ನೋಡಕೋತ ಕುಂದರಬ್ಯಾಡ್ರಿ," ಎಂದು ಅವಳು ಹೊಸಬರಿಗೆ ಹೇಳಿಕೊಡುತ್ತಿದ್ದಳು. "ಉಳಿದ ಇಬ್ಬರು ಏನು ಒತ್ತತಾರ ಅಂತ ಯೋಚನಿ ಮಾಡ್ರಿ, ಅದನ್ನ ಒತ್ರಿ. ಕತ್ತಲ ಐತಿ, ಕೈಯಾಗ ಕಬ್ಬಿಣ ಐತಿ ಅಂದ್ರ ಕೆಂಪು. ಮುಗೀತು."

ಕೆಂಪು ಒತ್ತಿಸಿಕೊಂಡವನಿಗೆ ಆಮೇಲೆ ಏನಾಯಿತು ಎಂದು ಯಾರೂ ಹೇಳುತ್ತಿರಲಿಲ್ಲ. ಅವಳೂ ಕೇಳಲಿಲ್ಲ.

ಮನೆಯಲ್ಲಿ ಅವಳ ಅಣ್ಣ ಕಾಳಪ್ಪನಿಗೆ ಹೆಮ್ಮೆಯೋ ಹೆಮ್ಮೆ. ಅವನು ಕಮ್ಮಾರ, ಅಂಗಡಿಗಳ ಷಟರ್ ರಿಪೇರಿ ಮಾಡುತ್ತಿದ್ದ. ಅಪ್ಪ ಇಲ್ಲದ ಮನೆಯಲ್ಲಿ ತಂಗಿಯನ್ನು ಕಾಲೇಜು ಓದಿಸಿದವನು ಅವನೇ. ಕಬ್ಬಿಣ ಬಡಿದೂ ಬಡಿದೂ ಎಡಗಿವಿ ಪೂರಾ ಕೆಪ್ಪಾಗಿತ್ತು, ಬಲಗಿವಿಗೆ ಹತ್ತಿರದ ಮಾತಷ್ಟೇ ಕೇಳಿಸುತ್ತಿತ್ತು. "ನಮ್ಮ ದ್ರಾಕ್ಷಿ ಕಂಪ್ಯೂಟರಿಗೆ ಬುದ್ಧಿ ಹೇಳತಾಳ," ಎಂದು ಚಹಾದಂಗಡಿಯಲ್ಲಿ ಕಂಡಕಂಡವರಿಗೆಲ್ಲ ಹೇಳುತ್ತಿದ್ದ.

ಆ ಸಲ ಹೊಸದಾಗಿ ಸೇರಿದವರಲ್ಲಿ ಶಮಶಾದ್ ಎಂಬ ಹೆಂಗಸಿದ್ದಳು. ದ್ರಾಕ್ಷಾಯಣಿಗಿಂತ ಸಾಕಷ್ಟು ದೊಡ್ಡವಳು, ಮೊದಲು ಮನೆಮನೆಗೆ ಹೋಗಿ ಬಳೆ ತೊಡಿಸುತ್ತಿದ್ದವಳು. ಬಂದ ದಿನವೇ ಅವಳು ಒಂದು ಪ್ರಶ್ನೆ ಹಾಕಿದಳು.

"ಗೊತ್ತಿಲ್ಲ ಅನ್ನೋ ಗುಂಡಿ ಎಲ್ಲೈತ್ರಿ ಮೇಡಂ?"

ಇಡೀ ಹಾಲ್ ಗೊಳ್ಳೆಂದು ನಕ್ಕಿತು. ಶಮಶಾದ್ ಮಾತ್ರ ಒಂದೊಂದು ಚಿತ್ರಕ್ಕೂ ಮೂಗು ತಾಗಿಸಿ ಕೂರುತ್ತಿದ್ದಳು. ಒಮ್ಮೆ ತಡೆಯಲಾರದೆ ಪಿಸುಗುಟ್ಟಿದಳು: "ಮೇಡಂ, ಇಂವ ಹಾಲಿನಾಂವ ಇರಬಹುದಲ್ರಿ?"

ದ್ರಾಕ್ಷಾಯಣಿಗೆ ರೇಗಿಹೋಯಿತು. "ಹಾಲಿನಾಂವ ಇದ್ರ ನಿಮಗೇನು, ಕಳ್ಳ ಇದ್ರ ನಿಮಗೇನು ಶಮಶಾದಕ್ಕಾ? ನಿಮ್ಮ ಅಂಕ ನೋಡ್ಕೋರಿ ಮೊದಲ."

ಶಮಶಾದಳ ಅಂಕ ತಳ ಮುಟ್ಟಿತ್ತು. ಮೇಲ್ವಿಚಾರಕ ಮಹಾಂತೇಶ ಅವಳನ್ನು ಕರೆದು, ನಾಳೆಯೂ ಹೀಗೇ ಆದರೆ ಬರಬೇಡಿ ಎಂದುಬಿಟ್ಟ. ಸಂಜೆ ಮೆಟ್ಟಿಲಿಳಿಯುವಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ದ್ರಾಕ್ಷಾಯಣಿ ನೋಡಿದಳು. ನೋಡಿಯೂ ನೋಡದ ಹಾಗೆ ಮುಂದೆ ಹೋದಳು. ಅಷ್ಟು ಹೊತ್ತಿಗೆ ಅವಳಿಗೆ ಅದು ಚೆನ್ನಾಗಿ ರೂಢಿಯಾಗಿತ್ತು.

ಇದೇ ದಿನಗಳಲ್ಲಿ ಅವರ ಊರಿನ ಗಂಜಿನಲ್ಲೂ ಕಳ್ಳತನವಾಯಿತು. ಕಳ್ಳರು ಮುದಿ ಕಾವಲುಗಾರನನ್ನು ಬಡಿದು ಕೆಡವಿ ಹೋದರು. ವರ್ತಕರು ಸಿಟ್ಟಿನಲ್ಲಿ ಕ್ಯಾಮೆರಾ ಹಾಕಿಸಿದರು, ಹರೆಯದ ಹುಡುಗರನ್ನು ಕಾವಲಿಗಿಟ್ಟು ಕೈಗೆ ದೊಣ್ಣೆ ಕೊಟ್ಟರು. ಮೊದಲು ಬಡಿಯಿರಿ, ಆಮೇಲೆ ಹೆಸರು ಕೇಳಿ ಎಂದೂ ಹೇಳಿದರು. ಕ್ಯಾಮೆರಾ ಹಾಕಿದ್ದು ದ್ರಾಕ್ಷಾಯಣಿಯ ಕಂಪನಿಯೇ. ಊರು ಯಾವುದಾದರೇನು, ಯಂತ್ರಕ್ಕೆ ಎಲ್ಲ ಒಂದೇ.

ಮಹಾಂತೇಶ ಶಮಶಾದಳಿಗೆ ಎಚ್ಚರಿಕೆ ಕೊಟ್ಟ ಮರುದಿನ ನಸುಕಿನ ಪಾಳಿ. ಹೊರಗೆ ಮಂಜು ಕವಿದಿತ್ತು. ದ್ರಾಕ್ಷಾಯಣಿ ಕೂತು ಒಂದರ ಮೇಲೊಂದು ಚಿತ್ರ ಮುಗಿಸುತ್ತಿದ್ದಳು. ಹಸಿರು, ಹಸಿರು, ಕೆಂಪು, ಹಸಿರು. ಆಗ ಇನ್ನೊಂದು ಬಂತು. ಮುಚ್ಚಿದ ಅಂಗಡಿ. ಷಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತ ಗಂಡಸು. ಮುಖ ಮಸುಕು. ಷಟರಿನ ಅಡಿಗೆ ಕಬ್ಬಿಣದ ರಾಡ್ ತೂರಿಸಿ ಎತ್ತುತ್ತಿದ್ದ. ಕತ್ತಲು ಇದೆ, ಕೈಯಲ್ಲಿ ಕಬ್ಬಿಣ ಇದೆ. ಬೆರಳು ತಾನಾಗಿಯೇ ಕೆಂಪಿನ ಮೇಲೆ ಹೋಯಿತು.

ಹೋದ ಬೆರಳು ಅಲ್ಲೇ ನಿಂತಿತು. ಆ ಮನುಷ್ಯನ ಪಕ್ಕದಲ್ಲಿ ಒಂದು ಚೀಲವಿತ್ತು. ಯಾರದೋ ಮದುವೆಯ ಹಳೇ ಬ್ಯಾನರಿನಿಂದ ಹೊಲಿದ ಚೀಲ. ಅದರ ಮೇಲೆ ಅರ್ಧ ನವಿಲು. ಉಳಿದರ್ಧ ನವಿಲು ಅವರ ಮನೆಯ ಬಚ್ಚಲಿಗೆ ಪರದೆಯಾಗಿ ತೂಗುತ್ತಿತ್ತು. ಚೀಲ ಹೊಲಿದವಳು ಅವಳೇ.

ಅಯ್ಯೋ ದೇವರೇ, ಅಣ್ಣ!

ಅಂಗಡಿ ತೆರೆದ ಮೇಲೆ ಗಿರಾಕಿಗಳ ನಡುವೆ ಷಟರ್ ಬಿಚ್ಚಲು ಆಗುವುದಿಲ್ಲ. ಅದಕ್ಕೇ ಕಾಳಪ್ಪ ಯಾವಾಗಲೂ ಬೆಳಕು ಹರಿಯುವ ಮುಂಚೆಯೇ ಹೋಗುತ್ತಿದ್ದ. ಅವಳಿಗೆ ಅದು ಗೊತ್ತಿತ್ತು. ಆದರೆ ಗೊತ್ತಿದ್ದದ್ದು ಅವಳೊಬ್ಬಳಿಗೇ. ಕಾವಲಿನ ಹುಡುಗರು ಹಿಂದಿನಿಂದ ಬಂದು ಕೂಗಿದರೆ ಅಣ್ಣನಿಗೆ ಕೇಳಿಸುವುದೂ ಇಲ್ಲ. ತಿರುಗಿ ನೋಡದವನನ್ನು ಅವರು ಏನೆಂದುಕೊಂಡಾರು?

ಹಸಿರು ಒತ್ತಿದಳು. ಗಟ್ಟಿಯಾಗಿ, ಬೆರಳು ನೋಯುವಷ್ಟು.

"ಇನ್ನಿಬ್ಬರ ಉತ್ತರಕ್ಕಾಗಿ ಕಾಯಿರಿ," ಎಂದಿತು ಪರದೆ.

ಆ ಇನ್ನಿಬ್ಬರು ಯಾರೋ, ಎಲ್ಲಿದ್ದಾರೋ. ಇದೇ ಹಾಲಿನಲ್ಲಿರಬಹುದು, ಬೇರೆ ಊರಿನಲ್ಲೂ ಇರಬಹುದು. ಆದರೆ ಅವರು ಏನು ಒತ್ತುತ್ತಾರೆ ಎಂಬುದು ಮಾತ್ರ ಅವಳಿಗೆ ಖಂಡಿತ ಗೊತ್ತಿತ್ತು. ಇಷ್ಟು ದಿನ ಅದನ್ನೇ ಊಹಿಸಿ ಊಹಿಸಿ ತಾನೇ ಅವಳ ಫೋಟೋ ಗೋಡೆ ಏರಿದ್ದು?

ಒಂದು ಉತ್ತರ ಬಂತು. ಕೆಂಪು.

ಫೋನು ಬಾಗಿಲ ಬಳಿ ಬೀಗದ ಪೆಟ್ಟಿಗೆಯಲ್ಲಿ. ಅದನ್ನು ಬಿಡಿಸಿಕೊಂಡು ಅಣ್ಣನಿಗೆ ಮಾಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ದ್ರಾಕ್ಷಾಯಣಿ ಕುರ್ಚಿ ಬೀಳಿಸಿಕೊಂಡು ಎದ್ದಳು. ಆ ಹಾಲಿನಲ್ಲಿ ಯಾರೂ ಎಂದೂ ಮಾಡದ್ದನ್ನು ಮಾಡಿದಳು. ಗಂಟಲು ಹರಿಯುವ ಹಾಗೆ ಕೂಗಿದಳು.

"ನವಿಲಿನ ಚೀಲ! ಯಾರ ಮುಂದೈತಿ ನವಿಲಿನ ಚೀಲದ ಚಿತ್ರ? ಒತ್ತಬ್ಯಾಡ್ರೀ! ನಿಮ್ಮ ಕಾಲಿಗೆ ಬೀಳತೀನಿ, ಒಂದ ಸಲ ನೋಡ್ರಿ! ಅಂವ ಕಳ್ಳಲ್ಲ, ನಮ್ಮಣ್ಣ!"

ಟಕಟಕ ಸದ್ದು ನಿಂತುಹೋಯಿತು. ಎಲ್ಲರೂ ತಮ್ಮ ತಮ್ಮ ಪರದೆ ನೋಡಿಕೊಂಡರು. ಕೊನೆಯ ಸಾಲಿನಲ್ಲಿ ಶಮಶಾದ್ ತನ್ನ ಬಲಗೈಯನ್ನೇ ದಿಟ್ಟಿಸುತ್ತ ಕೂತಿದ್ದಳು.

"ಒತ್ತಿಬಿಟ್ಟೆನಲ್ಲವ್ವಾ," ಎಂದಳು. "ನೀವು ಹೇಳಿದಂಗ ಒತ್ತಿದೆ. ಕೆಲಸ ಉಳೀಲಿ ಅಂತ, ಇವತ್ತ ಮೊದಲನೇ ಸಲ ನೋಡಲಾರದ ಒತ್ತಿದೆ."

ದ್ರಾಕ್ಷಾಯಣಿಯ ಪರದೆಯ ಮೇಲೆ ಎರಡು ಸಾಲು ಮೂಡಿದವು. ಎಚ್ಚರಿಕೆ ಕಳಿಸಲಾಗಿದೆ. ನಿಮ್ಮ ಉತ್ತರ ಉಳಿದವರಿಗೆ ಹೊಂದಲಿಲ್ಲ. ಅವಳ ಅಂಕ ಇಳಿಯಿತು.

ಅವಳು ಬಾಗಿಲಿಗೆ ಓಡಿದಳು. ಮಹಾಂತೇಶ ಅಡ್ಡ ಬಂದ. "ಪಾಳಿ ನಡುವ ಹೋದ್ರ ವಾಪಸ್ ಬರೋ ಹಂಗಿಲ್ಲ ನೋಡ್ರಿ!" ಎಂದ. ಅವನನ್ನು ತಳ್ಳಿಕೊಂಡೇ ಮೆಟ್ಟಿಲು ಇಳಿದಳು. ಹಿಂದೆಯೇ ಶಮಶಾದ್ ಏದುಸಿರು ಬಿಡುತ್ತ ಬಂದಳು. ಗಂಜು ಹಿಂದಿನ ಓಣಿಯಲ್ಲೇ ಇತ್ತು. ಇಷ್ಟು ಹತ್ತಿರದ ಬೀದಿಯ ಚಿತ್ರ ಎಲ್ಲೆಲ್ಲೋ ಸುತ್ತಿ ಅವಳ ಮುಂದೆ ಬಂದಿತ್ತು. ಈಗ ಅಲ್ಲಿಗೆ ಓಡಿ ಮುಟ್ಟುವುದೇ ದೂರವಾಯಿತು.

ಮಂಜಿನಲ್ಲಿ ಮೊದಲು ದನಿ ಕೇಳಿಸಿತು. "ಏಯ್! ರಾಡ್ ಕೆಳಗ ಹಾಕಲೇ! ನಿನಗ ಹೇಳೋದು!"

"ಅವಗ ಕೇಳಂಗಿಲ್ಲೋ! ಹೊಡೀಬ್ಯಾಡ್ರೋ!" ದ್ರಾಕ್ಷಾಯಣಿ ಓಡುತ್ತಲೇ ಚೀರಿದಳು.

ಕಾಳಪ್ಪ ತನ್ನ ಪಾಡಿಗೆ ತಾನು ಷಟರ್ ಎತ್ತುತ್ತಲೇ ಇದ್ದ. ದೊಣ್ಣೆ ಬಿತ್ತು. ಬಲಗೈ ಮಣಿಕಟ್ಟಿನ ಮೇಲೆ ಬಿತ್ತು. ರಾಡ್ ಠಣ್ಣೆಂದು ಉರುಳಿತು.

ಅವಳು ಮುಟ್ಟುವ ಹೊತ್ತಿಗೆ ಕಾಳಪ್ಪ ಅಂಗಡಿಯ ಕಟ್ಟೆಗೆ ಒರಗಿ ಕೂತಿದ್ದ. ಕೈ ಜೋತುಬಿದ್ದಿತ್ತು. ದೊಣ್ಣೆ ಹಿಡಿದ ಹುಡುಗನ ಮುಖವೂ ಬಿಳುಚಿತ್ತು. ಅಷ್ಟರಲ್ಲಿ ಅಂಗಡಿಯ ಸಾಹುಕಾರನೂ ಓಡಿ ಬಂದು, "ಅಯ್ಯೋ, ಬರಾಕ ಹೇಳಿದಾಂವ ನಾನಲೇ! ಇಂವ ನಮ್ಮ ಕಾಳಪ್ಪ!" ಎಂದು ಹಣೆ ಚಚ್ಚಿಕೊಂಡ.

"ನನಗೇನು ಗೊತ್ರೀ ಸಾಹುಕಾರ್ರ?" ಎಂದ ಹುಡುಗ. "ಬರೇ ಮಷಿನ್ ಹೇಳಿದ್ರ ನಾನೂ ನಂಬತಿದ್ದಿಲ್ಲ. ಮೂರು ಮಂದಿ ನೋಡಿ ಹೇಳತಾರಂತ್ರಿ. ಮೂರು ಮಂದಿ ನೋಡಿದ ಮ್ಯಾಲ ಸುಳ್ಳಿರತೈತೇನ್ರಿ?"

ಕಾಳಪ್ಪ ನೋವಿನಲ್ಲೂ ತಲೆಯೆತ್ತಿದ. "ಅಲ್ಲೋ ತಮ್ಮಾ, ಮೂರು ಮಂದಿ ನನ್ನ ನೋಡಿದ್ರ ಒಬ್ಬರಿಗೂ ನಾ ಕಮ್ಮಾರ ಅಂತ ತಿಳೀಲಿಲ್ಲೇನು? ಸುತ್ತಿಗಿ ಐತಿ, ಎಣ್ಣಿ ಡಬ್ಬಿ ಐತಿ, ಸ್ಪ್ರಿಂಗ್ ಬಿಚ್ಚಿಟ್ಟೀನಿ. ಎಂಥಾ ಕಣ್ಣೋ ಅವು? ಯಾರವರು?"

ನಾನು ಹಸಿರು ಒತ್ತಿದೆ ಎಂದು ದ್ರಾಕ್ಷಾಯಣಿ ಹೇಳಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಒತ್ತಿದ್ದು ಇವಳು ಎಂದು ಹಿಂದೆ ನಿಂತ ಶಮಶಾದಳ ಕಡೆ ಬೆರಳು ತೋರಿಸಬಹುದಿತ್ತು. ಅದೂ ಸುಳ್ಳಾಗುತ್ತಿರಲಿಲ್ಲ. ಅವಳು ಅಣ್ಣನ ಪಕ್ಕ ಮಣ್ಣಿನಲ್ಲೇ ಕೂತಳು.

"ಯಾರೂ ನೋಡಿಲ್ಲಣ್ಣಾ. ನೋಡಬ್ಯಾಡ್ರಿ ಅಂತ ಅವರಿಗೆ ಕಲಿಸಿದಾಕಿ ನಾನು."

ಕಾಳಪ್ಪ ಏನು ಎಂಬಂತೆ ಮುಖ ನೋಡಿದ. ಅವಳು ಕೂತದ್ದು ಅವನ ಎಡಗಿವಿಯ ಕಡೆ. ಹೇಳಿದ್ದು ಅವನಿಗೆ ಕೇಳಿಸಿರಲಿಲ್ಲ. ದ್ರಾಕ್ಷಾಯಣಿ ಎದ್ದು ಬಲಗಡೆಗೆ ಬಂದಳು. ಅದೇ ಮಾತನ್ನು ಇನ್ನೊಮ್ಮೆ, ಗಟ್ಟಿಯಾಗಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಬೇಕಾಯಿತು. ಕಾಳಪ್ಪ ಎಡಗೈಯನ್ನು ಕಟ್ಟೆಗೆ ಊರಿ ಮೆಲ್ಲಗೆ ಎದ್ದ. ಆಮೇಲೆ, "ದವಾಖಾನಿಗೆ ನಡಿಯವ್ವಾ, ಕೈ ಬಾಳ ನೋಯಾಕತ್ತೈತಿ," ಎಂದ.

ಮೂಳೆ ಕೂಡಿತು, ಆದರೆ ಸೊಟ್ಟ ಕೂಡಿತು. ಭಾರ ಎತ್ತುವ ಬಲ ಆ ಕೈಗೆ ಮತ್ತೆ ಬರಲಿಲ್ಲ. ದ್ರಾಕ್ಷಾಯಣಿಯ ಕೆಲಸ ಹೋಯಿತು, ಗೋಡೆಯ ಫೋಟೋವೂ ಹೋಯಿತು. ಮೊದಲ ಕೆಂಪು ಒತ್ತಿದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಅವರಿಗೂ ಇದೊಂದೂ ಗೊತ್ತಿರಲಿಕ್ಕಿಲ್ಲ, ಪಾಪ, ಅಂಕ ಏರಿತು ಎಂದು ಆ ದಿನ ಸಂತೋಷಪಟ್ಟಿರುತ್ತಾರೆ. ಆ ದಿನ ಅಂಕ ಏರಿದ್ದರಿಂದ ಶಮಶಾದಳನ್ನು ಮಾತ್ರ ವಾಪಸ್ ಸೇರಿಸಿಕೊಂಡರು. ಅವಳು ಎಷ್ಟು ದಿನ ಇಟ್ಟುಕೊಳ್ಳುತ್ತಾರೋ ಇಟ್ಟುಕೊಳ್ಳಲಿ ಎಂದು ಮತ್ತೆ ಪರದೆಗೆ ಮೂಗು ತಾಗಿಸಿ ಕೂತಳು. ಈಗ ಅವಳ ಅಕ್ಕಪಕ್ಕದವರೂ ಒತ್ತುವ ಮೊದಲು ಒಂದು ಗಳಿಗೆ ತಡೆಯುತ್ತಾರಂತೆ.

ಈಗ ನಸುಕಿನಲ್ಲಿ ಷಟರ್ ಎತ್ತುವವಳು ದ್ರಾಕ್ಷಾಯಣಿ. ಅಣ್ಣ ಪಕ್ಕದಲ್ಲಿ ಕೂತು ಹೇಗೆಂದು ಹೇಳುತ್ತಾನೆ. ಕಂಬದ ಮೇಲಿನ ಕ್ಯಾಮೆರಾ ಅಲ್ಲೇ ಇದೆ. ಕೆಲಸ ಶುರು ಮಾಡುವ ಮುಂಚೆ ಅವಳು ಚೀಲವನ್ನು ನವಿಲು ಕಾಣುವ ಹಾಗೆ ತಿರುಗಿಸಿ ಇಡುತ್ತಾಳೆ, ಆಮೇಲೆ ಮುಖವೆತ್ತಿ ಕ್ಯಾಮೆರಾವನ್ನು ಸ್ವಲ್ಪ ಹೊತ್ತು ನೋಡುತ್ತಾಳೆ. ಮುಖ ಮಸುಕಾಗಿಯೇ ಹೋಗುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ನೋಡುತ್ತಾಳೆ.

ನೀತಿ: ಯಂತ್ರದ ಹೆಸರಿನಲ್ಲಿ ತೀರ್ಪು ಹೋದರೂ ಗುಂಡಿ ಒತ್ತಿದ ಬೆರಳು ಮನುಷ್ಯನದೇ, ಅದರ ಪಾಪವೂ ಮನುಷ್ಯನದೇ. ಬೇರೆಯವರು ನೋಡಿರುತ್ತಾರೆ ಎಂದು ಪ್ರತಿಯೊಬ್ಬರೂ ಕಣ್ಣು ಮುಚ್ಚಿದರೆ ಕೊನೆಗೆ ನೋಡಿದವರು ಒಬ್ಬರೂ ಇರುವುದಿಲ್ಲ. ಮುಖ ಕಾಣದಿದ್ದರೂ ಅಲ್ಲಿರುವುದು ಯಾರದೋ ಅಣ್ಣ ಎಂದು ತಿಳಿದು, ಕಣ್ಣು ಬಿಟ್ಟು ನೋಡಿ, ಆಮೇಲೆ ಒತ್ತಿ. ಮತ್ತೆ, ಪುಣ್ಯಾತ್ಮರೇ, ಈ ಕಥೆಯನ್ನೂ ಓದದೆ ಹತ್ತು ಜನರಿಗೆ ತಳ್ಳಿಬಿಡಬೇಡಿ.