ಊರನ್ನೇ ಬಿಟ್ಟು ಬಂದ ಕುಂಬಾರ

"ಗುರುಗಳೇ, ನೋಡಿ ಬಂದವನು ನೋಡಿದ್ದನ್ನು ನೋಡಿದ ಹಾಗೆ ಹೇಳುವುದು ತಪ್ಪೇ?"

ಹೀಗೆ ಕೇಳಿದವನು ರಂಗಧಾಮನೆಂಬ ಶಿಷ್ಯ. ಗುರುಗಳು ಜಗಲಿಯ ಮೇಲೆ ಕುಳಿತು ದೀಪದ ಬತ್ತಿ ಹೊಸೆಯುತ್ತಿದ್ದರು. ಏನು ನೋಡಿ ಬಂದೆ, ಹೇಳು ಎಂದರು.

"ಏಳು ಕೊಳದ ಬೆಟ್ಟಕ್ಕೆ ಹೋಗಿದ್ದೆ. ಹೆಸರಿಗೆ ಏಳು ಕೊಳ. ಐದು ಹೂಳು ತುಂಬಿ ದನ ಮೇಯುವ ಬಯಲಾಗಿವೆ. ಉಳಿದ ಎರಡರಲ್ಲಿ ಬರೀ ಪಾಚಿ. ಬೆಳಗಿನಿಂದ ಸಾಲಿನಲ್ಲಿ ನಿಂತೆ. ನನ್ನ ಸರದಿ ಬರುವ ಹೊತ್ತಿಗೆ ಗುಡಿಯ ಬಾಗಿಲು ಹಾಕಿಕೊಂಡರು. ಇನ್ನೊಮ್ಮೆ ಹೋಗುವ ಜಾಗವಲ್ಲ. ಮನೆಗೆ ಬಂದರೆ ಅಕ್ಕ ತಾನೂ ಹೊರಡುತ್ತೇನೆಂದು ಗಂಟು ಕಟ್ಟಿಟ್ಟುಕೊಂಡು ಕೂತಿದ್ದಾಳೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಗಂಟು ಬಿಚ್ಚಿಟ್ಟಳು. ಅಂದಿನಿಂದ ನನ್ನೊಡನೆ ಅವಳಿಗೆ ಮಾತು ಕಡಿಮೆ. ಅವಳ ಕಾಲುನೋವು ತಪ್ಪಿಸಿದೆ ಎಂದುಕೊಂಡಿದ್ದೆ. ಉಪಕಾರ ಮಾಡಿದವನ ಮೇಲೆ ಈ ಮುನಿಸೇಕೆ?"

ಗುರುಗಳು ಹೊಸೆದ ಬತ್ತಿಯನ್ನು ತಟ್ಟೆಯಲ್ಲಿಟ್ಟು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಅವನು ತಿಗರಿ ತಿರುಗಿಸಿ ಮಡಕೆ ಎತ್ತಿದರೆ, ಅವನ ಹೆಂಡತಿ ಹಲಗೆಯಿಂದ ತಟ್ಟಿ ಅದಕ್ಕೆ ಹೊಟ್ಟೆ ತರುವಳು. ಸುಟ್ಟ ಮಡಕೆಗಳನ್ನು ಆರಿಸುವ ಕೆಲಸ ಪೂರಾ ಅವಳದೇ. ಕೂದಲೆಳೆಯಷ್ಟು ಬಿರುಕಿದ್ದರೂ ಅವಳ ಕಣ್ಣಿಗೆ ತಪ್ಪುತ್ತಿರಲಿಲ್ಲ. ನಾಲ್ಕು ಮಾರು ದೂರದಲ್ಲಿ ನಿಂತೇ, "ಅದನ್ನು ಆಚೆಗಿಡಿ, ಆ ಮೂಲೆಯದನ್ನೂ ಆಚೆಗಿಡಿ" ಎನ್ನುವಳು. ಕುಂಬಾರ ಎತ್ತಿ ನೋಡಿದರೆ ಅವಳು ಹೇಳಿದ ಹಾಗೆಯೇ ಇರುವುದು.

ಅವಳಿಗೆ ಬಾಳಿನಲ್ಲಿ ಒಂದೇ ಆಸೆ. ಅಲ್ಲಿಂದ ಎರಡು ದಿನದ ದಾರಿಯಲ್ಲಿ ಎರಡು ಹೊಳೆ ಕೂಡುವ ಕ್ಷೇತ್ರವೊಂದಿತ್ತು. ಒಂದು ಹೊಳೆ ಕೆಂಪು, ಇನ್ನೊಂದು ಕಪ್ಪು. ಕೂಡಿದ ಮೇಲೂ ಕಣ್ಣಳತೆಯಷ್ಟು ದೂರ ಎರಡು ಬಣ್ಣವೂ ಒಂದರ ಪಕ್ಕ ಒಂದು ಹರಿಯುತ್ತವೆ ಎಂದು ಅವಳ ಅಜ್ಜಿ ಹೇಳುತ್ತಿದ್ದಳು. ಮಾಘಮಾಸದಲ್ಲಿ ಗಂಡನ ಹೆಗಲ ವಲ್ಲಿಗೆ ಸೆರಗು ಗಂಟುಹಾಕಿಕೊಂಡು ಅಲ್ಲಿ ಮುಳುಗಬೇಕು, ಎದ್ದು ಆ ಎರಡು ಬಣ್ಣ ನೋಡಬೇಕು. ಇಷ್ಟೇ ಅವಳ ಆಸೆ.

ಕುಂಬಾರರ ಮನೆಯಲ್ಲಿ ಗಂಡಹೆಂಡಿರು ಒಟ್ಟಿಗೆ ಹೊರಡುವುದು ಅಷ್ಟು ಸುಲಭವಲ್ಲ. ಮಾಘವೆಂದರೆ ಮದುವೆಯ ಮಡಕೆಗಳ ಕಾಲ. ಹಸಿ ಮಡಕೆ ಒಂದೇ ಸಮನಾಗಿ ಆರಬೇಕು. ಬಿಸಿಗಾಳಿ ಬಂದರೆ ಒದ್ದೆ ಬಟ್ಟೆ ಹೊದಿಸಬೇಕು, ತೇವ ಹೆಚ್ಚಾದರೆ ಬಟ್ಟೆ ತೆಗೆಯಬೇಕು. ಕೂಸಿನ ಹಾಗೆ ಅದರ ಹತ್ತಿರ ಯಾರಾದರೂ ಒಬ್ಬರು ಇರಲೇಬೇಕು. ಒಂದು ಮಾಘದಲ್ಲಿ ಕೇರಿಯ ಗಾಡಿ ಕ್ಷೇತ್ರಕ್ಕೆ ಹೊರಟಿತು. "ಈ ಸಲ ನೀವು ಹೋಗಿ ದಾರಿ ನೋಡಿಕೊಂಡು ಬನ್ನಿ, ಬರುವ ವರ್ಷ ಇಬ್ಬರೂ ಹೋಗೋಣ" ಎಂದಳು ಹೆಂಡತಿ. ತೀರ್ಥ ತರಲೆಂದು ತಾನೇ ತಟ್ಟಿ ನುಣುಪು ಮಾಡಿದ ಒಂದು ಪುಟ್ಟ ಕುಡಿಕೆಯನ್ನು ಅವನ ಕೈಗೆ ಕೊಟ್ಟಳು.

ಕುಂಬಾರ ಹೋದ. ದಾರಿಯಲ್ಲಿ ಗಾಡಿಯ ಅಚ್ಚು ಮುರಿಯಿತು. ಛತ್ರದಲ್ಲಿ ಕಾಲು ಚಾಚುವಷ್ಟು ಜಾಗವಿರಲಿಲ್ಲ. ಬೆಳಗಾಗುವ ಹೊತ್ತಿಗೆ ಮೆಟ್ಟು ಕಾಣೆಯಾಗಿದ್ದವು. ಬರಿಗಾಲಲ್ಲೇ ನಡೆದು, ನಡುಹೊಳೆಯನ್ನು ಹರಿಗೋಲಿನಲ್ಲಿ ದಾಟಿ ಆಚೆ ಇಳಿದರೆ, ಸ್ನಾನದ ಘಟ್ಟದಲ್ಲಿ ಮೊಣಕಾಲುದ್ದ ನೀರು. ಕಾಲಿಟ್ಟಲ್ಲಿ ಕೆಸರು, ಕೂತಲ್ಲಿ ನೊಣ. ಕೆಂಪೂ ಇಲ್ಲ, ಕಪ್ಪೂ ಇಲ್ಲ. ಭಟ್ಟರು ನಲವತ್ತು ಜನಕ್ಕೆ ಸೇರಿಸಿ ಒಂದೇ ಮಂತ್ರ ಹೇಳಿ ಮುಗಿಸಿದರು.

ಆ ಕ್ಷೇತ್ರದಲ್ಲಿ ಒಂದು ಪದ್ಧತಿಯಿತ್ತು. ಮಿಂದವರು ತಮಗೆ ತುಂಬ ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಅಲ್ಲಿ ಬಿಟ್ಟು ಬರಬೇಕು. ಅಂಗೈಯಲ್ಲಿ ನೀರು ಹಿಡಿದು, ಹೆಸರು ಹೇಳಿ, ಆ ನೀರನ್ನು ಹೊಳೆಗೆ ಬಿಟ್ಟರಾಯಿತು. ಆಮೇಲೆ ಉಸಿರಿರುವ ತನಕ ಅದನ್ನು ಮುಟ್ಟುವಂತಿಲ್ಲ. ಕುಂಬಾರನ ಅಂಗೈಗೆ ನೀರು ಹಾಕಿದ ಭಟ್ಟರು, "ಏನು ಬಿಡುತ್ತೀಯಪ್ಪಾ? ಬೇಗ ಹೇಳು, ಹಿಂದೆ ಜನ ನಿಂತಿದ್ದಾರೆ" ಎಂದರು.

ಅವನಿಗೆ ಸಿಟ್ಟು ಉಕ್ಕಿತು. "ಈ ಊರನ್ನೇ ಬಿಟ್ಟೆ ಸ್ವಾಮಿ! ಇನ್ನೊಂದು ಸಲ ಇಲ್ಲಿ ಕಾಲಿಟ್ಟರೆ ಕೇಳಿ."

ಹಿಂದಿದ್ದ ಬೇರೆ ಊರಿನವರು ಗೊಳ್ಳೆಂದು ನಕ್ಕರು. ಭಟ್ಟರು ನಗಲಿಲ್ಲ. ಅಷ್ಟು ಹೊತ್ತಿಗೆ ನೀರು ಬೆರಳ ಸಂದಿನಿಂದ ಇಳಿದು ಹೊಳೆಗೆ ಸೇರಿಯಾಗಿತ್ತು.

ಮನೆಗೆ ಬಂದಾಗ ಹೆಂಡತಿ ಕಾಲಿಗೆ ನೀರು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಹೇಗಿತ್ತು?"

"ಏನಿದೆ ಅಲ್ಲಿ, ಮಣ್ಣು! ಹೋಗದಿದ್ದ ನೀನೇ ಪುಣ್ಯವಂತೆ."

"ಎರಡು ಬಣ್ಣ?"

"ಎರಡೆಲ್ಲಿಯದು? ಒಂದೇ ಬಣ್ಣ. ಎಮ್ಮೆ ಮಲಗಿ ಎದ್ದ ಹೊಂಡದ ಬಣ್ಣ."

ಅವಳು ಅವನ ಗಂಟಿನೊಳಗೆ ಕೈಯಾಡಿಸಿ ಕುಡಿಕೆ ಹೊರತೆಗೆದಳು. ಅದು ಖಾಲಿಯಿತ್ತು. "ಅಷ್ಟು ದೂರದಿಂದ ಕೆಸರು ಹೊತ್ತು ತರಬೇಕೇ? ಕುಂಬಾರರ ಮನೆಯಲ್ಲಿ ಕೆಸರಿಗೆ ಬರವೇ?" ಎಂದು ಅವನು ತನ್ನ ಮಾತಿಗೆ ತಾನೇ ನಕ್ಕ. ಅವಳೂ ನಕ್ಕಳು, ಸ್ವಲ್ಪ ತಡವಾಗಿ. ಆಮೇಲೆ ಕುಡಿಕೆಯನ್ನು ಗೋಡೆಯ ಗೂಡಿನಲ್ಲಿ ದೀಪದ ಪಕ್ಕ ಇಟ್ಟಳು.

ಕುಂಬಾರ ಈ ಎಮ್ಮೆ ಹೊಂಡದ ಮಾತನ್ನು ಕೇರಿಯಲ್ಲೆಲ್ಲ ಹೇಳಿದ. ಹೇಳಿದ ಹಾಗೆಲ್ಲ ಮಾತಿಗೆ ರುಚಿ ಹೆಚ್ಚಿತು. ಮರುವರ್ಷ ಕೇರಿಯಲ್ಲಿ ಯಾರೂ ಗಾಡಿ ಕಟ್ಟಲಿಲ್ಲ, ಅದರ ಮರುವರ್ಷವೂ ಕಟ್ಟಲಿಲ್ಲ. ತಾನು ಇಷ್ಟು ಜನರ ಕಾಲು ಉಳಿಸಿದೆನೆಂದು ಅವನಿಗೆ ಸಮಾಧಾನವೇ ಆಯಿತು. ನೀರು ಬಿಟ್ಟು ಆಡಿದ ಮಾತನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ.

ಐದು ಮಾಘ ಕಳೆದವು. ಹೆಂಡತಿ ಕ್ಷೇತ್ರದ ಹೆಸರೆತ್ತಲಿಲ್ಲ. ಹಬ್ಬ ಬಂದಾಗ ಮನೆ ಸಾರಿಸಿ, ಗೂಡಿನ ಕುಡಿಕೆಯನ್ನು ಇಳಿಸಿ, ಸೆರಗಿನಿಂದ ಒರೆಸಿ, ಅಲ್ಲಿಯೇ ಇಡುತ್ತಿದ್ದಳು. ಕುಂಬಾರ ನೋಡಿಯೂ ನೋಡದವನ ಹಾಗಿದ್ದ.

ಒಂದು ಬೆಳಗ್ಗೆ ಮಡಕೆ ಸುಡುವ ಆವಿಗೆಯನ್ನು ಬಿಚ್ಚಿ, ಸುಟ್ಟವನ್ನು ಹೊರಗಿಟ್ಟಿದ್ದರು. ಹೆಂಡತಿ ಆರಿಸಲು ಕುಳಿತಳು. ದೂರದಿಂದ ಬೊಟ್ಟು ಮಾಡಲಿಲ್ಲ. ಒಂದೊಂದನ್ನೂ ಮಡಿಲಿಗೆ ತಂದುಕೊಂಡು, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದಳು. ಒಂದು ಮಡಕೆಯ ಬಾಯಂಚಿನಲ್ಲಿ ಸಣ್ಣ ಬಿರುಕಿತ್ತು. ಸದ್ದಿಗೆ ಸಿಗುವ ಬಿರುಕಲ್ಲ, ಕಣ್ಣಿಗೆ ಸಿಗುವ ಬಿರುಕು. ಕುಂಬಾರನಿಗೆ ಅದು ಕೂತಲ್ಲಿಂದಲೇ ಕಾಣುತ್ತಿತ್ತು. ಅವಳು ತಟ್ಟಿದಳು, ಇನ್ನೊಮ್ಮೆ ತಟ್ಟಿದಳು, ಅದನ್ನು ಒಳ್ಳೆಯ ಮಡಕೆಗಳ ಸಾಲಿಗೆ ಸೇರಿಸಿದಳು.

ಅವನು ಕೆಲಸ ಬಿಟ್ಟು ಅವಳ ಬಳಿ ಬಂದು ಕುಳಿತ.

"ಯಾವಾಗಿನಿಂದ ಹೀಗೆ?"

"ಹೇಗೆ?"

"ಕಣ್ಣು."

ಅವಳು ಕೈಯಲ್ಲಿದ್ದ ಮಡಕೆಯನ್ನು ಕೆಳಗಿಟ್ಟಳು. "ದೀಪಾವಳಿಯಿಂದ ಮಂಜು ಮಂಜು. ಪೊರೆ ಬರುತ್ತಿರಬೇಕು. ನಮ್ಮ ಅಮ್ಮನಿಗೂ ಬಂದಿತ್ತು, ಎರಡೇ ವರ್ಷಕ್ಕೆ ಪೂರಾ ಕತ್ತಲಾಯಿತು. ಇರಲಿ ಬಿಡಿ, ಕಿವಿ ಇದೆಯಲ್ಲ."

ಕುಂಬಾರ ಗೂಡಿನ ಕಡೆ ನೋಡಿದ. ಈ ಮಾಘಕ್ಕೇ ಹೊರಡೋಣ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅದರ ಹಿಂದೆಯೇ ಬೆರಳ ಸಂದಿನಲ್ಲಿ ಇಳಿದ ನೀರು ನೆನಪಾಯಿತು. ದೇವರ ಮುಂದೆ ಆಡಿದ ಮಾತಿಗೆ ತಪ್ಪುವ ಜಾತಿಯವನಲ್ಲ ಅವನು. ಮುಚ್ಚಿಡಲೂ ಆಗದೆ ನಡೆದದ್ದನ್ನೆಲ್ಲ ಅವಳಿಗೆ ಹೇಳಿದ.

ಹೆಂಡತಿ ಅವನ ಮುಖವನ್ನೇ ದಿಟ್ಟಿಸಿದಳು. "ಊರ ಜನ ಹಾಗಲಕಾಯಿ ಬಿಡುತ್ತಾರೆ, ಹಲಸು ಬಿಡುತ್ತಾರೆ. ನೀವು ಊರನ್ನೇ ಬಿಟ್ಟು ಬಂದಿರಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು. ಆಮೇಲೆ ಮೆಲ್ಲಗೆ ಹೇಳಿದಳು:

"ನಿಮಗೆ ಇಷ್ಟವಾದದ್ದನ್ನು ಬಿಡಬೇಕಿತ್ತು. ನನಗೆ ಇಷ್ಟವಾದದ್ದನ್ನು ಬಿಟ್ಟಿರಿ."

ಆ ದಿನ ತಿಗರಿ ತಿರುಗಲಿಲ್ಲ.

ಮಾಘ ಬಂತು. ಮದುವೆಯ ಮಡಕೆ ಕೇಳಿ ಬಂದವರಿಗೆ ಕುಂಬಾರ ಪಕ್ಕದ ಊರಿನ ಕುಂಬಾರನ ಮನೆ ತೋರಿಸಿದ. ಇದ್ದದ್ದೆಲ್ಲವನ್ನೂ ಸುಟ್ಟು ಮುಗಿಸಿ, ಮನೆಯಲ್ಲಿ ಒಂದೇ ಒಂದು ಹಸಿ ಮಡಕೆಯೂ ಇಲ್ಲದಂತೆ ಮಾಡಿದ. ಮರುದಿನ ಮುಂಜಾನೆ ಇಬ್ಬರೂ ಹೊರಟರು. ಹೆಂಡತಿಯ ಕೈಯಲ್ಲಿ ಕುಡಿಕೆಯಿತ್ತು.

ಹೊಳೆಯ ಈಚೆ ದಡದಲ್ಲಿ ಅವನು ನಿಂತುಬಿಟ್ಟ. "ಈ ದಡ ಯಾವ ಊರಿನದಪ್ಪಾ?" ಎಂದು ಅಂಬಿಗನನ್ನು ಕೇಳಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದ.

"ಎಷ್ಟು ಸಲ ಹೇಳಲಿ ಯಜಮಾನರೇ? ಕ್ಷೇತ್ರವೆಲ್ಲ ಆಚೆ. ಈಚೆ ಬೇರೆ ಊರು. ಹತ್ತುವುದಾದರೆ ಹತ್ತಿ, ಇಲ್ಲವಾದರೆ ಹಿಂದಿನವರಿಗೆ ಜಾಗ ಬಿಡಿ."

ಕುಂಬಾರ ಹೆಗಲ ಮೇಲಿನ ವಲ್ಲಿ ತೆಗೆದು ಹೆಂಡತಿಗೆ ಕೊಟ್ಟ. ಅವಳು ಅದರ ತುದಿಯನ್ನು ತನ್ನ ಸೆರಗಿಗೆ ಗಂಟುಹಾಕಿಕೊಂಡಳು. ಹರಿಗೋಲಿನಲ್ಲಿದ್ದ ಹೆಂಗಸರು ಕೈ ಹಿಡಿದು ಹತ್ತಿಸಿಕೊಂಡರು. ಅವನು ಹೊಂಗೆಮರದ ಬುಡದಲ್ಲಿ ಬರಿ ಮೈಯಲ್ಲಿ ಕುಳಿತು ನೋಡಿದ.

ಆಚೆ ದಡದಲ್ಲಿ ಅವಳು ಚಿಕ್ಕದಾಗಿ ಕಾಣುತ್ತಿದ್ದಳು. ನೀರಿಗಿಳಿದಳು. ಮೊಣಕಾಲುದ್ದದ ನೀರಿನಲ್ಲಿ ಕುಕ್ಕರಿಸಿ ಕುಳಿತು ಮೂರು ಸಲ ಮುಳುಗಿದಳು. ಎಲ್ಲರೂ ಮಿಂದು ದಡ ಹತ್ತಿದರೂ ಅವಳು ಹತ್ತಲಿಲ್ಲ. ಹುಬ್ಬಿಗೆ ಕೈ ಅಡ್ಡ ಹಿಡಿದು ಮೇಲುಹೊಳೆಯ ಕಡೆ ನೋಡಿದಳು, ಕೆಳಹೊಳೆಯ ಕಡೆ ನೋಡಿದಳು. ಬಗ್ಗಿ ನೀರನ್ನೇ ನೋಡಿದಳು. ಅಲ್ಲಿ ನೋಡುವಂಥದ್ದು ಏನೂ ಇಲ್ಲವೆಂದು ಕುಂಬಾರನಿಗೆ ಗೊತ್ತಿತ್ತು. ಆದರೂ ಅವಳು ನೋಡುತ್ತಲೇ ಇದ್ದಳು. ಅವನೂ ಅವಳನ್ನೇ ನೋಡುತ್ತಿದ್ದ.

ಬಿಸಿಲೇರಿದ ಮೇಲೆ ಹರಿಗೋಲು ಮರಳಿತು. ಅವಳು ಒದ್ದೆ ಸೀರೆಯಲ್ಲಿ ಬಂದು ಪಕ್ಕದಲ್ಲಿ ಕುಳಿತಳು.

"ನೀವು ಹೇಳಿದ್ದರಲ್ಲಿ ಒಂದು ಸುಳ್ಳಿಲ್ಲ. ಅದೇ ಕೆಸರು, ಅದೇ ನೊಣ. ಎರಡು ಬಣ್ಣವಂತೆ, ಎರಡು ಬಣ್ಣ! ನಮ್ಮಜ್ಜಿ ಈ ಹೊಳೆಗೆ ಬಂದಿದ್ದಳೋ ಇಲ್ಲವೋ ಅಂತ ನನಗೀಗ ಅನುಮಾನ."

"ಭಟ್ಟರು ಏನೆಂದರು?"

"ನಿನ್ನ ಗಂಡ ಎಲ್ಲಮ್ಮಾ ಅಂದರು. ಈ ಊರು ಬಿಟ್ಟಿದ್ದಾರೆ, ಆಚೆ ದಡದಲ್ಲಿ ಕೂತಿದ್ದಾರೆ ಅಂದೆ. 'ಓ, ಆ ಮಹಾರಾಯನೋ!' ಅಂದರು. ನಿಮ್ಮನ್ನು ಅವರು ಮರೆತಿಲ್ಲ."

ಕುಂಬಾರನಿಗೆ ನಗುವುದೋ ನಾಚುವುದೋ ತಿಳಿಯಲಿಲ್ಲ. "ನೀನೇನು ಬಿಟ್ಟೆ?" ಎಂದು ಕೇಳಿದ.

"ನಿಮ್ಮ ಮೇಲಿನ ಕೋಪ ಬಿಡೋಣ ಅಂತಲೇ ನೀರು ಹಿಡಿದೆ. ಮುಂದೆ ಯಾವತ್ತಾದರೂ ಬೇಕಾದೀತು ಅನ್ನಿಸಿತು. ಗೆಣಸು ಬಿಟ್ಟೆ."

ಗೆಣಸೆಂದರೆ ಅವಳಿಗೆ ಪ್ರಾಣವೆಂದು ಅವನಿಗೆ ಗೊತ್ತಿತ್ತು. ಅವಳ ಮುಖ ನೋಡಿದ. ಮದುವೆಯಾದ ಹೊಸದರಲ್ಲಿ ಕಂಡಿದ್ದ ಮುಖ ಅದು.

"ಏನೂ ಇಲ್ಲದ ಜಾಗಕ್ಕೆ ಹೋಗಿ ಬಂದು ಇಷ್ಟು ಖುಷಿಯೇನೇ?"

"ಆರು ವರ್ಷ ನಿಮ್ಮ ಕಣ್ಣಲ್ಲಿ ನೋಡಿದ್ದೆ, ಈಗ ನನ್ನ ಕಣ್ಣಲ್ಲಿ ನೋಡಿದೆ. ಸಾಕು, ಇನ್ನು ಇಲ್ಲಿಗೆ ಬರುವುದು ಬೇಡ" ಎಂದು ಅವಳು ಕುಡಿಕೆಯನ್ನು ಅವನ ಕೈಗಿಟ್ಟಳು. ಅದರಲ್ಲಿ ಬಗ್ಗಡದ ನೀರು ತುಂಬಿತ್ತು.

ಕುಂಬಾರ ಆ ನೀರನ್ನು ಕಣ್ಣಿಗೊತ್ತಿಕೊಂಡು ತಲೆಯ ಮೇಲೆ ಚಿಮುಕಿಸಿಕೊಂಡ. ಕೆಸರು ಎನ್ನಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಇನ್ನೊಂದು ಎಳೆ ಹತ್ತಿ ಕೈಗೆತ್ತಿಕೊಂಡರು. ರಂಗಧಾಮ ಸುಮ್ಮನಿರಲಾರದೆ, "ಗುರುಗಳೇ, ಆ ಬೆಟ್ಟದ ಮೇಲೆ ನಿಜವಾಗಿಯೂ ಏನೂ ಇಲ್ಲ" ಎಂದ.

"ಇರಲಿಕ್ಕಿಲ್ಲ" ಎಂದು ಗುರುಗಳು ಬತ್ತಿ ಹೊಸೆಯತೊಡಗಿದರು. ಆಮೇಲೆ ತಲೆಯೆತ್ತದೆ ಕೇಳಿದರು:

"ಗಂಟು ಬಿಚ್ಚಿದಳು ಅಂದೆಯಲ್ಲ, ಆ ಬಟ್ಟೆಯನ್ನು ನಿನ್ನ ಅಕ್ಕ ಎಲ್ಲಿ ಮಡಿಸಿಟ್ಟಿದ್ದಾಳೆ, ನೋಡಿದೆಯಾ?"