ವಿಟ್ವೆನ್‌ಬೆರ್ಗ್: ವಿಧವೆಯ ಹೆಸರು ಹೊತ್ತ ಬೆಟ್ಟ

ಜರ್ಮನಿಯ ಬವೇರಿಯಾ ಸೀಮೆಯಲ್ಲಿ, ಚಿಕ್ಕ ಹೊಳೆಯೊಂದು ಬಳಸಿ ಹರಿಯುವ ಬೆಟ್ಟದ ನೆತ್ತಿಯ ಮೇಲೆ ಸಂನ್ಯಾಸಿಗಳ ಹಳೆಯ ಮಠವಿದೆ. ಅದಕ್ಕೆ ಅಂಟಿಕೊಂಡೇ ಬಿಯರ್ ಕಾಯಿಸುವ ಮನೆ. ಗಾಳಿ ತಿರುಗಿದ ದಿನ ಬೆಂದ ಬಾರ್ಲಿಯ ಸಿಹಿ ವಾಸನೆ ಕೆಳಗಿನ ಊರಿನ ಬೀದಿಬೀದಿಗೂ ಇಳಿಯುತ್ತದೆ. ಉಪವಾಸದ ಕಾಲದಲ್ಲಿ ಊಟದ ಬದಲಿಗೆ ಕುಡಿಯಲೆಂದು ಮಾಡುವ ಗಟ್ಟಿಯಾದ ಕಪ್ಪು ಬಿಯರನ್ನೂ ಬೇಸಿಗೆಯ ಹೊಂಬಣ್ಣದ ಬಿಯರನ್ನೂ ಹುಡುಕಿಕೊಂಡು ದೂರದವರು ಬರುತ್ತಾರೆ. ಊರಿನವರು ಕೇಳುವುದು ಮಾತ್ರ ಬೇರೆಯದನ್ನು: ತೆಳ್ಳಗಿನ, ಮಂಕು ಬಣ್ಣದ, ಅಮಲೇ ಇಲ್ಲವೆನ್ನುವಷ್ಟು ಸೌಮ್ಯವಾದ 'ವಿಧವೆಯ ಬಿಯರ್'. ಬೆಟ್ಟದ ಹೆಸರೂ ಅದೇ. ವಿಟ್ವೆನ್‌ಬೆರ್ಗ್ ಎಂದರೆ ವಿಧವೆಯ ಬೆಟ್ಟ. ಹೆಂಗಸರು ಹೊಸ್ತಿಲು ದಾಟಬಾರದೆಂಬ ನಿಯಮವಿದ್ದ ಮಠಕ್ಕೆ ಇದೆಂಥ ಹೆಸರೆಂದು ಬಂದವರು ಬೆರಗಾಗುತ್ತಾರೆ.

ಹಿಂದೆ ಒಮ್ಮೆ, ಅರಸರ ಯುದ್ಧ ವರ್ಷಗಟ್ಟಲೆ ಮುಗಿಯದೆ ನಡೆದ ಕಾಲದಲ್ಲಿ, ದಂಡೊಂದು ಈ ಊರಿನಲ್ಲಿ ಬೀಡುಬಿಟ್ಟಿತಂತೆ. ಸಂನ್ಯಾಸಿಗಳೆಲ್ಲ ಮೊದಲೇ ಊರು ಬಿಟ್ಟಿದ್ದರು. ಉಳಿದವನು ಕೊರ್ಬಿನಿಯನ್ ಒಬ್ಬನೇ. ಮಠದ ಬಿಯರ್ ಕಾಯಿಸುತ್ತಲೇ ಮುದುಕನಾದ ಅವನಿಗೆ ಕಾಲುಗಳ ಸ್ವಾಧೀನ ತಪ್ಪಿತ್ತು. ದಂಡಿನವರು ಪೀಪಾಯಿಗಳನ್ನು ಬರಿದು ಮಾಡಿದರು, ಸೌದೆಯನ್ನೆಲ್ಲ ಉರಿಸಿದರು, ಹೊರಡುವಾಗ ಸತ್ತ ಕುದುರೆಗಳನ್ನು ಬಾವಿಗಳಿಗೆ ತಳ್ಳಿದರು. ಆ ನೀರು ಕುಡಿದ ಮಕ್ಕಳು ವಾಂತಿಭೇದಿಯಿಂದ ಒಬ್ಬೊಬ್ಬರಾಗಿ ಸಾಯತೊಡಗಿದರು.

ಊರಿನಲ್ಲಿ ಅಫ್ರಾ ಎಂಬ ವಿಧವೆಯಿದ್ದಳು. ಮಗನನ್ನು ಆಗಲೇ ಮಣ್ಣು ಮಾಡಿದ್ದಳು; ಮಗಳು ಹಾಸಿಗೆ ಹಿಡಿದಿದ್ದಳು. ಬಿಯರ್ ಕುಡಿದವರಿಗೆ ಈ ರೋಗ ತಟ್ಟುವುದಿಲ್ಲವೆಂದು ಹಿರಿಯರು ಹೇಳಿದ್ದು ನೆನಪಾಗಿ ಅವಳು ಸುರಿಯುವ ಮಳೆಯಲ್ಲೇ ಬೆಟ್ಟ ಹತ್ತಿದಳು. ಬಾಗಿಲಲ್ಲಿ ಕುಳಿತಿದ್ದ ಮುದುಕ, "ಒಂದು ತೊಟ್ಟೂ ಉಳಿದಿಲ್ಲ, ತಾಯಿ. ಅಟ್ಟದ ಮೇಲೆ ಬಾರ್ಲಿಯನ್ನೇನೋ ಬಚ್ಚಿಟ್ಟಿದ್ದೇನೆ. ಆದರೆ ನನಗೆ ಏಳಲಾಗುವುದಿಲ್ಲ" ಎಂದ.

"ನೀವು ಹೇಳಿಕೊಡಿ, ಸ್ವಾಮಿ. ನಾನು ಮಾಡುತ್ತೇನೆ."

ಕೊರ್ಬಿನಿಯನ್ ಹೊಸ್ತಿಲನ್ನೊಮ್ಮೆ ನೋಡಿದ, ಕುಳಿತಲ್ಲಿಂದಲೇ ಪಕ್ಕಕ್ಕೆ ಸರಿದು ದಾರಿ ಬಿಟ್ಟ. "ಒಳಗೆ ಬಾ" ಎಂದ.

ಮನೆಯಲ್ಲಿ ಉಳಿದಿದ್ದ ಸೌದೆಯನ್ನು ಹೊತ್ತು ತಂದು ಅವಳು ನೀರು ಕುದಿಸಿದಳು, ಅವನು ಹೇಳಿದಂತೆ ಬಾರ್ಲಿ ಬೇಯಿಸಿದಳು, ಕಹಿಗೆ ಹಾಪ್ಸ್ ಹೂ ಹಾಕಿದಳು. ಆದರೆ ಆ ಬಿಯರ್ ಹುದುಗಿ ಸಿದ್ಧವಾಗುವ ಮೊದಲೇ ಮಗಳು ತೀರಿಕೊಂಡಳು. ಮಗಳನ್ನು ಹೂಳಿ, ಕೈ ತೊಳೆದುಕೊಂಡು, ಅಫ್ರಾ ಮತ್ತೆ ಬಂದು ತಾಮ್ರದ ಹಂಡೆಯ ಮುಂದೆ ನಿಂತಳು ಎನ್ನುತ್ತಾರೆ. ಮುದುಕ ಹೇಳಿದ, "ಮನೆಗೆ ಹೋಗಮ್ಮಾ."

"ಅಲ್ಲಿ ಯಾರಿದ್ದಾರೆ, ಸ್ವಾಮಿ? ಮಿಕ್ಕವರ ಮಕ್ಕಳಾದರೂ ಉಳಿಯಲಿ. ಬೆಂಕಿ ಆರುತ್ತಿದೆ, ಸೌದೆ ಎಲ್ಲಿ ಸಿಗುತ್ತದೆ ಹೇಳಿ."

ಕಾಡೆಲ್ಲ ಮಳೆಗೆ ನೆನೆದು ತೊಪ್ಪೆಯಾಗಿತ್ತು. ಮಠದಲ್ಲಿ ಒಣಗಿದ ಮರವೆಂದರೆ ಪ್ರಾರ್ಥನೆಯ ಗುಡಿಯೊಳಗಿನ ಓಕ್ ಆಸನಗಳು ಮಾತ್ರ. ತಲೆಮಾರುಗಳಿಂದ ಸಂನ್ಯಾಸಿಗಳು ಕುಳಿತು ಕೀರ್ತನೆ ಹಾಡಿದ, ಒಂದೊಂದರ ಮೇಲೂ ದೇವದೂತರನ್ನು ಕೆತ್ತಿದ್ದ ಆಸನಗಳವು. ಕೊರ್ಬಿನಿಯನ್ ಕೊಡಲಿ ತರಿಸಿದ. "ಬಾಗಿಲ ಪಕ್ಕದ್ದು ನನ್ನದು. ಮೊದಲು ಅದನ್ನೇ ಒಡೆ" ಎಂದ.

ಆಸನಗಳು ಒಂದರ ಹಿಂದೊಂದು ಹಂಡೆಯ ಕೆಳಗೆ ಉರಿದವು. ಮಕ್ಕಳೂ ಕುಡಿಯಬಹುದಾದಷ್ಟು ತೆಳುವಾದ ಆ ಬಿಯರಿಗಾಗಿ ತಾಯಂದಿರು ಕೊಡ ಹಿಡಿದು ಬೆಟ್ಟ ಹತ್ತಿದರು. ಊರಿನಲ್ಲಿ ಸಾವು ನಿಂತಿತು. ಆ ಚಳಿಗಾಲ ಕಳೆಯುವುದರೊಳಗೆ ಕೊರ್ಬಿನಿಯನ್ ಕಣ್ಣು ಮುಚ್ಚಿದ.

ವಸಂತದಲ್ಲಿ ಮಠಾಧಿಪತಿ ಪರಿವಾರದೊಡನೆ ಹಿಂತಿರುಗಿ, ಬೋಳಾದ ಗುಡಿಯನ್ನು ಕಂಡು ಕೆರಳಿದರು. "ಇದು ಯಾರ ಕೆಲಸ?" ಅಫ್ರಾ ಮುಂದೆ ಬಂದು, "ನನ್ನದು" ಎಂದಳು, ನಡೆದದ್ದನ್ನು ಹೇಳಿದಳು. ಅವಳ ಬೆನ್ನ ಹಿಂದೆ ಅಂಗಳದ ತುಂಬ ಮಕ್ಕಳು ನಿಂತಿದ್ದರು. ಮಠಾಧಿಪತಿಗಳು ಆ ಮುಖಗಳನ್ನು ನೋಡುತ್ತ ನೋಡುತ್ತ ಟೋಪಿ ತೆಗೆದರಂತೆ. "ಹಾಗಾದರೆ ಇನ್ನು ನಾವು ನಿಂತೇ ಪ್ರಾರ್ಥಿಸೋಣ" ಎಂದರಂತೆ.

ಗುಡಿಯಲ್ಲಿ ಆಮೇಲೆ ಆಸನಗಳನ್ನು ಮಾಡಿಸಲೇ ಇಲ್ಲ. ಸಂಜೆಯ ಗಂಟೆಯಾದ ಮೇಲೆ ಒಳಗೆ ಹೋದವರಿಗೆ ಇಂದಿಗೂ ಕಾಣುವುದು ಬರಿಯ ಗೋಡೆಗಳು, ಅವುಗಳ ಮುಂದೆ ಸಾಲಾಗಿ ನಿಂತು ಹಾಡುವ ಸಂನ್ಯಾಸಿಗಳು. ಅವರಲ್ಲಿ ತೀರ ವಯಸ್ಸಾದವರು ಗೋಡೆಗೆ ಅಂಗೈ ಊರಿಕೊಂಡು, ಕೀರ್ತನೆ ಮುಗಿಯುವವರೆಗೂ ನಿಂತೇ ಇರುತ್ತಾರೆ.