ಉಡದ ತವರಿನಲ್ಲಿ ಹನ್ನೆರಡು ಮೊಟ್ಟೆ

ಒಂದು ಕಾಡಿನಲ್ಲಿ, ಅದೂ ಮೊಟ್ಟೆ ಇಡದವರೇ ಮೊಟ್ಟೆಯ ಬಗ್ಗೆ ಹೆಚ್ಚು ಮಾತಾಡುವ ಕಾಡಿನಲ್ಲಿ, ಹೊನ್ನಿ ಎಂಬ ಕೇರೆಹಾವು ಚೊಚ್ಚಲ ಬಸುರಿಯಾಯಿತು. ಅದಕ್ಕೆ ಅಪ್ಪ ಅಮ್ಮ ಯಾರೆಂದೇ ಗೊತ್ತಿರಲಿಲ್ಲ. ಹಾವುಗಳಲ್ಲಿ ಹಾಗೆಯೇ, ಮೊಟ್ಟೆಯಿಂದ ಹೊರಬಿದ್ದ ಮರಿ ತನ್ನ ದಾರಿ ತಾನು ಹಿಡಿಯುತ್ತದೆ. ಆದರೆ ಕಾಡು ಸುಮ್ಮನಿದ್ದೀತೆ? ಅಳಿಲು ಬಂದು ಹೊಟ್ಟೆ ನೋಡಿ ನಕ್ಕಿತು. ಮೊಲ ಬಂದು ಮಕ್ಕಳಿಗೆ ಹೆಸರು ಸೂಚಿಸಿತು. ಪುಟ್ಟತಾಯಮ್ಮ ಎಂಬ ಕಾಡುಕೋಳಿ ಬಂದು ಪಾಠವನ್ನೇ ಶುರುಮಾಡಿತು.

“ನೋಡು ಹೊನ್ನಿ, ಮೊಟ್ಟೆಗಳನ್ನು ದಿನಕ್ಕೆ ಮೂರು ಸಲ ಹೊರಳಿಸಬೇಕು. ಆಮೇಲೆ ಮೇಲೆ ಕೂತು ರೆಕ್ಕೆ ಅಗಲಿಸಬೇಕು.”

“ನನಗೆ ರೆಕ್ಕೆಯೇ ಇಲ್ಲವಲ್ಲ, ಅಕ್ಕಾ.”

“ಅಯ್ಯೋ! ಅದೂ ಇಲ್ಲದೆ ಬಸುರಿಯಾದೆಯಾ?”

ಇದನ್ನೆಲ್ಲ ಪೊದೆಯ ಮರೆಯಿಂದ ಗುಡ್ಡಪ್ಪ ಎಂಬ ಉಡ ಕೇಳುತ್ತಿತ್ತು. ಮೊಟ್ಟೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಗುಡ್ಡಪ್ಪನ ಸೀಳುನಾಲಿಗೆ ತಾನಾಗಿ ಹೊರಗೆ ಬರುತ್ತಿತ್ತು. ಅದನ್ನು ಒಳಗೆಳೆದುಕೊಂಡು, ಮುಖದ ತುಂಬ ಗಾಂಭೀರ್ಯ ತಂದುಕೊಂಡು ಮುಂದೆ ಬಂತು.

“ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ತಂಗೀ. ನಿನಗೆ ತವರಿಲ್ಲ ಎಂದವರು ಯಾರು? ನಾನೂ ಹೊಟ್ಟೆ ಎಳೆಯುವವನು, ನೀನೂ ಹೊಟ್ಟೆ ಎಳೆಯುವವಳು. ನಾನೇ ನಿನ್ನ ಅಣ್ಣ. ನನ್ನ ಹುತ್ತದ ಒಳಕೋಣೆ ಬೆಚ್ಚಗಿದೆ, ಹದವಾಗಿ ತೇವವಿದೆ. ನಡಿ.”

ಹೊನ್ನಿಯ ಕಣ್ಣಲ್ಲಿ ನೀರು ಬಂತು. ಹಾವಿಗೆ ಕಣ್ಣೀರು ಬರುವುದಿಲ್ಲ ಎನ್ನುವ ಪಂಡಿತರು ಯಾರೂ ಆ ದಿನ ಅಲ್ಲಿರಲಿಲ್ಲ.

ಹುತ್ತದ ಒಳಕೋಣೆಯಲ್ಲಿ ಹೊನ್ನಿ ಹನ್ನೆರಡು ಮೊಟ್ಟೆ ಇಟ್ಟಿತು. ಬೆಳ್ಳಗಿನ ಮೊಟ್ಟೆಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಗೊಂಚಲಿನಂತೆ ಕೂತವು. ಕೂಡಲೇ ಅಣ್ಣನ ಬಾಣಂತನ ಶುರುವಾಯಿತು. “ಬಾಣಂತಿಗೆ ಗಾಳಿ ತಾಗಬಾರದು. ಹೊರಗೆ ಕಾಲಿಡಬೇಡ” ಎಂದಿತು, ಕಾಲೇ ಇಲ್ಲದ ಹಾವಿಗೆ. “ಒಳಗೆ ಕಾವು ಜಾಸ್ತಿ, ನೀನು ಹೊರಕೋಣೆಯಲ್ಲಿ ಮಲಗು. ಮೊಟ್ಟೆ ನಾನು ನೋಡಿಕೊಳ್ಳುತ್ತೇನೆ.” ಅಕ್ಕಪಕ್ಕದವರು ಬಾಣಂತಿಗೆಂದು ಕಪ್ಪೆ ತಂದರೆ, “ಕಪ್ಪೆ ವಾಯು” ಎಂದಿತು. ಇಲಿ ತಂದರೆ, “ಇಲಿ ನಂಜು” ಎಂದಿತು. ಎರಡನ್ನೂ ತಾನೇ ತಿಂದು ತಂಗಿಯ ಆರೋಗ್ಯ ಕಾಪಾಡಿತು.

ಎಂಟನೆಯ ದಿನ ಗುಡ್ಡಪ್ಪ ತಲೆತಗ್ಗಿಸಿಕೊಂಡು ಒಳಕೋಣೆಯಿಂದ ಬಂತು. “ಒಂದು ಮೊಟ್ಟೆ ಕೆಟ್ಟುಹೋಯಿತು, ತಂಗೀ. ಬೂಸ್ಟು ಹಿಡಿದಿತ್ತು. ಬಿಟ್ಟರೆ ಉಳಿದವಕ್ಕೂ ಹರಡುತ್ತಿತ್ತು. ದೂರ ಎಸೆದುಬಿಟ್ಟೆ.”

ಹೊನ್ನಿ ಅತ್ತಿತು. ಅತ್ತು, ಅಣ್ಣನಿಗೆ ಕೈಮುಗಿಯಲು ಕೈಯಿಲ್ಲವಲ್ಲ ಎಂದು ಇನ್ನಷ್ಟು ಅತ್ತಿತು. ಮರುವಾರ ಇನ್ನೊಂದಕ್ಕೆ ಬೂಸ್ಟು. ಅದರ ಮರುವಾರ ಮತ್ತೊಂದಕ್ಕೆ. ನಾಲ್ಕನೆಯ ಸಲ, “ಇದೂ ಬೂಸ್ಟು” ಎನ್ನುತ್ತಾ ಗುಡ್ಡಪ್ಪ ತೇಗಿತು.

ಹೊನ್ನಿ ನಾಲಿಗೆ ಚಾಚಿತು. ಹಾವು ವಾಸನೆ ಹಿಡಿಯುವುದೇ ನಾಲಿಗೆಯಿಂದ. ಬೂಸ್ಟಿನ ವಾಸನೆ ಬರಲಿಲ್ಲ. ಹಸಿ ಮೊಟ್ಟೆಯ ವಾಸನೆ ಬಂತು. ತನ್ನದೇ ಮೊಟ್ಟೆ. ಅಣ್ಣನ ಬಾಯಲ್ಲಿ.

ಇನ್ನು ಉಳಿದವು ಎಂಟು. ಜಗಳಕ್ಕಿಳಿದರೆ ಉಡದ ಉಗುರಿನ ಮುಂದೆ ಕೇರೆಯ ಆಟ ನಡೆಯದು. ಹೊತ್ತುಕೊಂಡು ಹೋಗೋಣವೆಂದರೆ, ಹಾವಿನ ಮೊಟ್ಟೆ ಹೊರಳಿದರೆ ಒಳಗಿನ ಮರಿ ಸಾಯುತ್ತದೆ. ಹೊನ್ನಿ ಸಿಟ್ಟು ನುಂಗಿಕೊಂಡು, “ಪಾಪ, ನನ್ನಿಂದ ನಿನಗೆ ಎಷ್ಟು ಕಷ್ಟ, ಅಣ್ಣಾ” ಎಂದಿತು.

ಮರುದಿನ ಬೆಳಿಗ್ಗೆ ಗುಡ್ಡಪ್ಪ ಬಂಡೆಯ ಮೇಲೆ ಬಿಸಿಲಿಗೆ ಮೈ ಕಾಯಿಸಲು ಹೋಯಿತು. ಹೊನ್ನಿ ಸರಸರನೆ ಪುಟ್ಟತಾಯಮ್ಮನ ಬಳಿಗೆ ಹೋಯಿತು.

“ಮೊಟ್ಟೆ ಹೊರಳಿಸಿದೆಯಾ?” ಎಂದಿತು ಕೋಳಿ.

ಹೊನ್ನಿ ನಡೆದದ್ದನ್ನು ಹೇಳಿತು. ಕೋಳಿಯ ಕತ್ತಿನ ಗರಿಗಳೆಲ್ಲ ನೆಟ್ಟಗಾದವು.

“ಊರಲ್ಲಿ ನನ್ನ ಚಿಕ್ಕಮ್ಮನ ಮಗಳಿದ್ದಾಳೆ. ಮನುಷ್ಯರು ಅವಳ ಮೊಟ್ಟೆ ತೆಗೆದು, ಬುಟ್ಟಿಯಲ್ಲಿ ಬಿಳಿ ಕಲ್ಲು ಇಟ್ಟರು. ಮಹಾತಾಯಿ, ಇಪ್ಪತ್ತೊಂದು ದಿನ ಕಲ್ಲಿಗೆ ಕಾವು ಕೊಟ್ಟಳು! ಕತ್ತಲಲ್ಲಿ ಯಾರಿಗೆ ಗೊತ್ತಾಗುತ್ತೆ? ನಿನ್ನ ವಾಸನೆಯೊಂದು ಹತ್ತಿಸಿಬಿಡು.”

ಹೊನ್ನಿ ಹೊಳೆಯಿಂದ ಎರಡು ಬಿಳಿ ಬೆಣಚುಕಲ್ಲುಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿ ತಂದಿತು. ಅವಕ್ಕೆ ಮೈಯೆಲ್ಲ ಉಜ್ಜಿತು. ಒಳಕೋಣೆಯ ಬಾಗಿಲಲ್ಲೇ, ಗುಡ್ಡಪ್ಪನ ಬಾಯಿಗೆ ಮೊದಲು ಸಿಗುವಂತೆ ಇಟ್ಟಿತು.

ರುಚಿ ಹತ್ತಿದ ಗುಡ್ಡಪ್ಪ ಈ ಸಲ ವಾರ ಕಾಯದೆ ಮಧ್ಯಾಹ್ನವೇ ಒಳಗೆ ಹೋಯಿತು. ಉಡಕ್ಕೆ ಅಗಿಯುವ ಅಭ್ಯಾಸವಿಲ್ಲ. ಗುಳುಂ! ‘ಇವತ್ತಿನದು ಒಳ್ಳೆ ತೂಕ’ ಎಂದುಕೊಂಡಿತು. ಆ ಖುಷಿಯಲ್ಲಿ ಎರಡನೆಯದೂ ಗುಳುಂ!

“ತಂಗೀ, ಇವತ್ತು ಎರಡಕ್ಕೆ ಬೂ...” ಮಾತು ಮುಗಿಯಲಿಲ್ಲ. ಹೊಟ್ಟೆ ನೆಲಕ್ಕೆ ಇಳಿಬಿತ್ತು. ಹೆಜ್ಜೆ ಎತ್ತಿಟ್ಟರೆ ಒಳಗಿನಿಂದ ಟಕ್ ಎಂದಿತು. ಇನ್ನೊಂದು ಹೆಜ್ಜೆಗೆ ಇನ್ನೊಂದು ಟಕ್.

ಅಷ್ಟರಲ್ಲಿ ಪುಟ್ಟತಾಯಮ್ಮ ಇಡೀ ಕಾಡನ್ನು ಕರೆದುಕೊಂಡು ಬಂದಿತ್ತು. ಅದು ಕೊಕ್ಕಿನಿಂದ ಗುಡ್ಡಪ್ಪನ ಹೊಟ್ಟೆ ಕುಟ್ಟಿ ನೋಡಿತು. “ಅನುಮಾನವೇ ಬೇಡ. ಗುಡ್ಡಪ್ಪ ಬಸುರಿ. ಅವಳಿ!”

“ಗಂಡು ಬಸುರಿಯಾಗುತ್ತಾ?” ಎಂದಿತು ಮೊಲ.

“ರೆಕ್ಕೆಯಿಲ್ಲದವರೇ ಬಸುರಿಯಾಗುವ ಕಾಲ, ನೀನು ಸುಮ್ಮನಿರು. ಅಲ್ಲ ಅನ್ನುವುದಾದರೆ ಗುಡ್ಡಪ್ಪನೇ ಹೇಳಲಿ. ಒಳಗಿರುವುದು ಏನು? ಹೋದದ್ದು ಹೇಗೆ?”

ಗುಡ್ಡಪ್ಪ ಬಾಯಿ ತೆರೆಯಿತು. ಕಲ್ಲು ಎಂದರೆ, ಕಲ್ಲು ಯಾಕೆ ನುಂಗಿದೆ ಎಂದು ಕೇಳುತ್ತಾರೆ. ಮೊಟ್ಟೆ ಎಂದುಕೊಂಡೆ ಎಂದರೆ, ಯಾರ ಮೊಟ್ಟೆ ಎಂದು ಕೇಳುತ್ತಾರೆ. ತೆರೆದ ಬಾಯಿ ಮುಚ್ಚಿಕೊಂಡಿತು.

“ಮೊದಲನೆಯದಲ್ಲವಾ, ನಾಚಿಕೆ” ಎಂದಿತು ಕೋಳಿ.

“ಚೊಚ್ಚಲು, ಅಣ್ಣಾ. ಪುಣ್ಯಕ್ಕೆ ತವರಲ್ಲೇ ಇದ್ದೀಯ” ಎಂದಿತು ಹೊನ್ನಿ. “ಗಾಳಿ ತಾಗಬಾರದು, ಹೊರಕೋಣೆಯಲ್ಲಿ ಮಲಗು. ಕಪ್ಪೆ ವಾಯು, ಇಲಿ ನಂಜು. ಮೊಟ್ಟೆಯಂತೂ ವಿಷ.”

ಅಂದಿನಿಂದ ಹೊನ್ನಿ ಒಳಕೋಣೆಯಲ್ಲಿ ಮೊಟ್ಟೆಗಳನ್ನು ಸುತ್ತಿಕೊಂಡು ಕೂತಿತು. ಮೊಟ್ಟೆ ಇಟ್ಟ ಅರವತ್ತನೆಯ ದಿನ ಅವು ತಗ್ಗು ಬಿದ್ದು ಸೀಳಿದವು. ಎಂಟು ಪುಟ್ಟ ತಲೆಗಳು ಹೊರಗೆ ಇಣುಕಿದವು. ಎರಡು ದಿನ ಮೊಟ್ಟೆಯಲ್ಲೇ ಕೂತು ಪ್ರಪಂಚ ಬೇಕೋ ಬೇಡವೋ ಎಂದು ಯೋಚಿಸಿ, ಮೂರನೆಯ ದಿನ ಒಂದೊಂದಾಗಿ ಹೊರಟವು. ದಾರಿಗೆ ಅಡ್ಡಲಾಗಿ ಗುಡ್ಡಪ್ಪ ಬಿದ್ದುಕೊಂಡಿತ್ತು. ಮರಿಗಳು ಮರ್ಯಾದಸ್ಥರು. ಪ್ರತಿಯೊಂದೂ ಅದರ ಮೂಗಿನ ಮುಂದೆ ನಿಂತು ಕೇಳಿತು: “ಮಾವಾ, ನಿನ್ನ ಮರಿ ಯಾವಾಗ ಬರುತ್ತೆ?”

ಎಂಟು ಸಲ.

ಎಂಟನೆಯದು ಹುಲ್ಲಿನಲ್ಲಿ ಮರೆಯಾಯಿತು. ಆಮೇಲೆ ಹೊನ್ನಿ ಗುಡ್ಡಪ್ಪನ ಹೊಟ್ಟೆಯನ್ನು ನೋಡಿ, “ಇನ್ನೂ ನಾಲ್ಕು ಮಕ್ಕಳು ಕೇಳಬೇಕಿತ್ತು, ಅಣ್ಣಾ” ಎಂದು ಹೇಳಿ ಹೊರಟುಹೋಯಿತು.

ನೀತಿ: ಕಾಯುತ್ತೇನೆಂದು ನಂಬಿಸಿ ತಿನ್ನುವವನಿಗೆ ಒಂದು ದಿನ ತಿಂದದ್ದು ಅರಗುವುದೂ ಇಲ್ಲ, ತಿಂದೆನೆಂದು ಹೇಳಿಕೊಳ್ಳಲು ಬಾಯಿ ಬರುವುದೂ ಇಲ್ಲ.